ವಾರದ ಸಿನಿಮಾವನ್ನು ಆರಿಸುವವರು ಯಾರು?

2024ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟು ಸಿನಿಮಾ ನೋಡುವವರೆಲ್ಲ ಗಮನಿಸಬೇಕಾಗಿದ್ದ ಒಂದು ಪ್ರಕರಣವನ್ನು ಇತ್ಯರ್ಥ ಮಾಡಿತು. 2016ರಲ್ಲಿ ತೆರೆಕಂಡ ಶಾರುಖ್ ಖಾನ್ ಅಭಿನಯದ 'ಫ್ಯಾನ್' ಚಿತ್ರದ ಪ್ರಚಾರದಲ್ಲೆಲ್ಲ 'ಜಬ್ರಾ ಫ್ಯಾನ್' ಎಂಬ ಹಾಡು ಓಡುತ್ತಿತ್ತು. ಟಿಕೆಟ್ ಕೊಂಡು ಒಳಗೆ ಹೋದವರಿಗೆ ಆ ಹಾಡು ಸಿಗಲಿಲ್ಲ. ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಗ್ರಾಹಕರ ವೇದಿಕೆಯ ಮೆಟ್ಟಿಲೇರಿದರು. ರಾಜ್ಯ ಆಯೋಗ ಅವರಿಗೆ 10,000 ರೂಪಾಯಿ ಪರಿಹಾರ, 5,000 ರೂಪಾಯಿ ಖರ್ಚು ಕೊಡಿಸಿತು. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು. ಕೊನೆಗೆ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಅರವಿಂದ ಕುಮಾರ್ ಅವರ ಪೀಠ ಆ ಆದೇಶಗಳನ್ನು ತಳ್ಳಿಹಾಕಿತು. ಟ್ರೇಲರ್ ಎಂಬುದು ಟಿಕೆಟ್ ಕೊಳ್ಳಲು ಹುರಿದುಂಬಿಸುವ ಏಕಪಕ್ಷೀಯ ಪ್ರಚಾರ, ಅದು ಕರಾರೂ ಅಲ್ಲ, ಕೊಟ್ಟ ಮಾತೂ ಅಲ್ಲ ಎಂಬುದು ಪೀಠದ ನಿಲುವು. ಅಮೆರಿಕದಲ್ಲಿ ಇಂಥದೇ ಇನ್ನೊಂದು ಜಗಳ ಬೇರೆ ದಾರಿ ಹಿಡಿದಿತ್ತು. 'ಯೆಸ್ಟರ್‌ಡೇ' ಚಿತ್ರದ ಟ್ರೇಲರಿನಲ್ಲಿ ಕಂಡ ನಟಿ ಆನಾ ದೆ ಆರ್ಮಾಸ್ ಸಿನಿಮಾದಲ್ಲಿ ಇಲ್ಲವೇ ಇಲ್ಲ ಎಂದು ಇಬ್ಬರು ಅಭಿಮಾನಿಗಳು ಹೂಡಿದ ದಾವೆಯಲ್ಲಿ, ಟ್ರೇಲರ್ ಒಂದು ವಾಣಿಜ್ಯ ಜಾಹೀರಾತು, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ಅನ್ವಯಿಸಬಹುದು ಎಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು 2022ರ ಡಿಸೆಂಬರಿನಲ್ಲಿ ಹೇಳಿದರು. ತೀರ್ಪುಗಳು ಬೇರೆಯಾದರೂ ಒಂದು ವಿಷಯದಲ್ಲಿ ಎರಡೂ ಕಡೆ ಸಂಶಯವಿಲ್ಲ: ಟ್ರೇಲರ್ ಸಿನಿಮಾದ ತುಣುಕಲ್ಲ, ಸಿನಿಮಾದ ಜಾಹೀರಾತು.

ಹಾಗಿದ್ದೂ ಇವತ್ತಿನ ಸಿನಿಮಾಪ್ರೇಮಿಯ ವಾರ ನಿಂತಿರುವುದು ಈ ಮಾತಲ್ಲದ ಮಾತಿನ ಮೇಲೆಯೇ. ಪುಣೆಯ ಹಿಂಜವಡಿಯಲ್ಲೋ ಕೊಥ್ರೂಡಿನಲ್ಲೋ ಇರುವ ಒಬ್ಬ ಕನ್ನಡಿಗ ಸಿನಿಮಾಸಕ್ತನ ವಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ವಾರದ ಮೊದಲರ್ಧದಲ್ಲಿ ಫೋನಿನ ಮೇಲೆ ಫಸ್ಟ್ ಲುಕ್, ಮೋಷನ್ ಪೋಸ್ಟರ್, ಗ್ಲಿಂಪ್ಸ್, ಟೀಸರ್, ಲಿರಿಕಲ್ ವಿಡಿಯೊ, ಆಮೇಲೆ ಟ್ರೇಲರ್. ಯಾವ ನಾಯಕನ ಹುಟ್ಟುಹಬ್ಬವಾದರೂ ಬಂದರೆ ಇದರ ದುಪ್ಪಟ್ಟು. ಗುರುವಾರದ ಹೊತ್ತಿಗೆ ಯಾವುದನ್ನು ನೋಡಬೇಕು, ಯಾವುದನ್ನು ಓಟಿಟಿಗೆ ಬಿಡಬೇಕು ಎಂಬ ತೀರ್ಮಾನ ಆಗಿರುತ್ತದೆ. ಶುಕ್ರವಾರ, ಶನಿವಾರ ಒಂದೆರಡು ಸಿನಿಮಾ. ಕನ್ನಡ ಸಿನಿಮಾವಾದರೆ ಮಲ್ಟಿಪ್ಲೆಕ್ಸಿನಲ್ಲಿ ದಿನಕ್ಕೆ ಒಂದೋ ಎರಡೋ ಆಟ, ಅದೂ ಮುಂದಿನ ವಾರ ಇರುತ್ತದೆಂಬ ಖಾತ್ರಿಯಿಲ್ಲ. ಭಾನುವಾರ ರಾತ್ರಿ ಮತ್ತೆ ಟ್ರೇಲರ್. ಈತ ತನ್ನ ವಾರವನ್ನು ತಾನೇ ಆರಿಸಿಕೊಂಡೆ ಎಂದುಕೊಂಡಿದ್ದಾನೆ. ನನ್ನ ವಾದ ಇಷ್ಟೇ: ಆತ ಆರಿಸಿಕೊಂಡಿಲ್ಲ. ಈಗಾಗಲೇ ಇಷ್ಟವಾಗಿರುವುದಕ್ಕೆ ಮತ್ತೊಮ್ಮೆ ಒಪ್ಪಿಗೆ ಹಾಕಿದ್ದಾನೆ. ರುಚಿ ಬೆಳೆಯುವುದು ಬೇರೊಬ್ಬರು ಆರಿಸಿದ್ದನ್ನು ಕೂತು ಪೂರ್ತಿ ನೋಡಿದಾಗ. ಇದಕ್ಕೆ ಭಾರತದಲ್ಲೇ ಅತಿ ಗಟ್ಟಿ ಸಾಕ್ಷಿ ಇರುವ ಊರು ಪುಣೆ. ಆ ಸಾಕ್ಷಿಯ ದೊಡ್ಡ ಪಾಲು ಕನ್ನಡದ್ದು.

ಟ್ರೇಲರ್ ಬೇಡವೆನ್ನುವವರು ಸಾಮಾನ್ಯವಾಗಿ ಮುಂದಿಡುವ ದೂರು, ಕಥೆ ಮೊದಲೇ ಗೊತ್ತಾಗಿಬಿಡುತ್ತದೆ ಎಂಬುದು. ಈ ದೂರಿನಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಸಣ್ಣಕಥೆಗಳನ್ನಿಟ್ಟುಕೊಂಡು ನಡೆಸಿದ ಪ್ರಯೋಗದಲ್ಲಿ, ಕೊನೆ ಮೊದಲೇ ತಿಳಿದಿದ್ದವರು ಕಥೆಯನ್ನು ಹೆಚ್ಚೇ ಆಸ್ವಾದಿಸಿದ್ದು ಕಂಡುಬಂತು. ನಮಗೆ ಇದನ್ನು ಅಮೆರಿಕದವರು ಹೇಳಬೇಕಾಗಿಯೂ ಇಲ್ಲ. ದುರ್ಯೋಧನ ಸಾಯುತ್ತಾನೆಂದು ಗೊತ್ತಿದ್ದೇ ಗದಾಯುದ್ಧದ ಪ್ರಸಂಗಕ್ಕೆ ಜನ ಬೆಳತನಕ ಕೂರುತ್ತಾರೆ. ತಾಳಮದ್ದಲೆಯಲ್ಲಂತೂ ಗೊತ್ತಿರುವ ಕಥೆಯೇ ಬಂಡವಾಳ. ಆದರೆ ಯಕ್ಷಗಾನದ ಪ್ರೇಕ್ಷಕನಿಗೆ ಗೊತ್ತಿರುವುದು ಕಥೆ ಮಾತ್ರ. ಇವತ್ತಿನ ವೇಷಧಾರಿ ಯಾವ ಪದ್ಯಕ್ಕೆ ಎಷ್ಟು ಕುಣಿಯುತ್ತಾನೆ, ಯಾವ ಮಾತಿಗೆ ಯಾವ ಮಾತು ಎದುರಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಟ್ರೇಲರ್ ಮಾಡುವುದು ಇದಕ್ಕೆ ತಲೆಕೆಳಗು. ಅದು ಕಥೆಯನ್ನು ಮುಚ್ಚಿಟ್ಟು ಚಿತ್ರಿಕೆಯನ್ನು ಬಿಟ್ಟುಕೊಡುತ್ತದೆ. ಇಡೀ ಸಿನಿಮಾದ ಅತ್ಯಂತ ಖರ್ಚಿನ, ಅತ್ಯಂತ ಗದ್ದಲದ ಶಾಟುಗಳನ್ನು ಹೆಕ್ಕಿ, ಒಂದೊಂದನ್ನೂ ಒಂದು ಕ್ಷಣ ಮಿಂಚಿಸುತ್ತದೆ. ಚಿತ್ರಮಂದಿರದಲ್ಲಿ ಆ ಶಾಟು ತನ್ನ ಜಾಗದಲ್ಲಿ ಬಂದಾಗ ನೋಡುಗ ಅದನ್ನು ನೋಡುವುದಿಲ್ಲ, ಗುರುತಿಸುತ್ತಾನೆ. ಅದು ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಾನೆ, ಆ ಕಾಯುವಿಕೆಯಲ್ಲಿ ನಡುವಿನ ಇಪ್ಪತ್ತು ನಿಮಿಷ ಕಳೆದುಹೋಗುತ್ತದೆ. ಜೊತೆಗೆ ಕಾಲದ ಲೆಕ್ಕವೂ ಇದೆ. 2014ರಲ್ಲಿ ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘ, ಟ್ರೇಲರ್ ಎರಡು ನಿಮಿಷ ಮೀರಬಾರದೆಂದು ಸೂಚಿಸಿತು; ನಮ್ಮಲ್ಲಿ ಅದು ಮೂರು ನಿಮಿಷದ ಹತ್ತಿರ ಹೋಗುವುದೂ ಉಂಟು. ಎರಡಾಗಲಿ ಮೂರಾಗಲಿ, ಅಷ್ಟರೊಳಗೆ ತೋರಿಸಲಾಗದ ಒಂದೇ ವಸ್ತುವೆಂದರೆ ಕಾಲ ಸರಿಯುವುದು. ಸಿನಿಮಾ ಎಂಬ ಕಲೆಯ ಮುಖ್ಯ ಸರಕೇ ಅದು.

ಹೀಗಾಗಿ ಟ್ರೇಲರ್ ಕೆಲವು ಬಗೆಯ ಸಿನಿಮಾಗಳ ಬಗ್ಗೆ ನಿಜ ಹೇಳುತ್ತದೆ, ಕೆಲವು ಬಗೆಯವುಗಳ ಬಗ್ಗೆ ಏನೂ ಹೇಳಲಾರದು. 2021ರ ಜನವರಿಯಲ್ಲಿ ಬಂದ 'ಕೆ.ಜಿ.ಎಫ್: ಚಾಪ್ಟರ್ 2' ಟೀಸರ್ ಕೆಲವೇ ದಿನಗಳಲ್ಲಿ ಹತ್ತು ಕೋಟಿ ವೀಕ್ಷಣೆ ದಾಟಿತು, ಹದಿನೈದು ತಿಂಗಳ ಬಳಿಕ, 2022ರ ಏಪ್ರಿಲ್ 14ರಂದು ತೆರೆಕಂಡ ಸಿನಿಮಾ ಟೀಸರ್ ಹೇಳಿದ್ದನ್ನೇ ದೊಡ್ಡದಾಗಿ ಕೊಟ್ಟಿತು. ಅದೇ ಸಿನಿಮಾದ ಹೂರಣವೂ ಹೌದು, ಹಾಗಾಗಿ ಮೋಸವಿಲ್ಲ. ಅದೇ ವರ್ಷ ಸೆಪ್ಟೆಂಬರ್ 30ರಂದು ಬಂದ 'ಕಾಂತಾರ' ಮೊದಲು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಯಿತು. ಬಾಯಿಂದ ಬಾಯಿಗೆ ಸುದ್ದಿ ಹರಡಿದ ಮೇಲೆ, ಎರಡು ವಾರ ಕಳೆದು ಹಿಂದಿಗೆ ಡಬ್ ಆಗಿ ಬಂತು. 2025ರ ಜುಲೈ 25ರಂದು ಬಂದ ಜೆ.ಪಿ. ತುಮಿನಾಡು ನಿರ್ದೇಶನದ 'ಸು ಫ್ರಮ್ ಸೋ' ಚಿತ್ರಕ್ಕೆ ದೊಡ್ಡ ನಾಯಕರಿರಲಿಲ್ಲ, ಬೆಟ್ಟದಂಥ ಪ್ರಚಾರವೂ ಇರಲಿಲ್ಲ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟಿಟ್ಟು ಪೂರ್ತಿ ಸಿನಿಮಾ ತೋರಿಸಿದರು, ನೋಡಿದವರು ಉಳಿದವರಿಗೆ ಹೇಳಿದರು, ಗಳಿಕೆ ನೂರು ಕೋಟಿ ದಾಟಿತೆಂದು ವರದಿಯಾಯಿತು. ಪೂರ್ತಿ ನೋಡಿದ ಒಬ್ಬನ ಮಾತು ಟ್ರೇಲರಿಗಿಂತ ಹೆಚ್ಚು ಕೆಲಸ ಮಾಡಿತು. ಇನ್ನು ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'ಕ್ಕೆ (1977) ಇವತ್ತಿನ ರೀತಿಯ ಟ್ರೇಲರ್ ಕಟ್ಟುವುದಾದರೆ ಹೇಗೆ ಕಟ್ಟಬೇಕು? ಯು.ಆರ್. ಅನಂತಮೂರ್ತಿಯವರ ಕಥೆಯಲ್ಲಿ ಯಮುನೆ ಎಂಬ ಬಾಲವಿಧವೆ ಗರ್ಭಿಣಿಯಾಗುತ್ತಾಳೆ, ಅಗ್ರಹಾರ ಅವಳನ್ನು ಹೊರಹಾಕುತ್ತದೆ. ಟ್ರೇಲರಿಗೆ ಸಿಗುವುದು ಈ ಗದ್ದಲ. ಸಿನಿಮಾ ಇರುವುದು ನಾಣಿ ಎಂಬ ಹುಡುಗನ ಕಣ್ಣಿನಲ್ಲಿ. ಅವನಿಗೆ ಅರ್ಧ ಮಾತ್ರ ಅರ್ಥವಾಗುತ್ತದೆ, ಅವನಿಗೆ ಅರ್ಥವಾಗದ ಇನ್ನರ್ಧವನ್ನು ನಾವು ಅವನ ಪಕ್ಕದಲ್ಲಿ ಕೂತು ಹೊರಬೇಕಾಗುತ್ತದೆ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಆ ಮನೆ, ಆ ಕಾಡು, ಆ ಕತ್ತಲೆಗಳ ಮೇಲೆ ನಿಲ್ಲುವ ಹೊತ್ತನ್ನು ಕತ್ತರಿಸಿದರೆ ಉಳಿಯುವುದು ಒಂದು ಸಾಮಾಜಿಕ ಸಮಸ್ಯೆ, ಅಷ್ಟೇ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನೆಯನ್ನು ಟ್ರೇಲರಿನಲ್ಲಿ ಮುಂಚೆಯೇ ತೋರಿಸಿದ್ದರೆ ಸಿನಿಮಾ ಮುಗಿದಂತೆ. ತೋರಿಸದಿದ್ದರೆ ಟ್ರೇಲರಿಗೆ ಬಲವಿಲ್ಲ.

ಕಾಸರವಳ್ಳಿ ಈ ಕಣ್ಣನ್ನು ಪಳಗಿಸಿಕೊಂಡದ್ದು ಪುಣೆಯ ಲಾ ಕಾಲೇಜು ರಸ್ತೆಯಲ್ಲಿ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಅದು ಮುಚ್ಚಿದ ಮೇಲೆ ಅದೇ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಈಗಿನ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಅಂದರೆ ಎಫ್‌ಟಿಐಐ ಶುರುವಾಯಿತು. 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಪಕ್ಕದಲ್ಲೇ ಬಂತು. ಎರಡು ಸಂಸ್ಥೆಗಳು ಹೀಗೆ ಅಕ್ಕಪಕ್ಕ ಇದ್ದದ್ದರಿಂದ ಆದ ಲಾಭವನ್ನು ಪಾಠಪಟ್ಟಿಯಲ್ಲಿ ಹುಡುಕಿದರೆ ಸಿಗದು. ಸಂಗ್ರಹಾಲಯಕ್ಕೆ 1965ರಲ್ಲಿ ಸೇರಿ 1991ರಲ್ಲಿ ನಿವೃತ್ತರಾದ ಪಿ.ಕೆ. ನಾಯರ್ ಅಷ್ಟೂ ವರ್ಷ ರೀಲುಗಳನ್ನು ಹುಡುಕಿ ತಂದರು, ತಂದದ್ದನ್ನು ವಿದ್ಯಾರ್ಥಿಗಳಿಗೆ ತೋರಿಸಿದರು, ಕತ್ತಲೆಯಲ್ಲಿ ಕೂತು ಯಾವ ರೀಲಿನಲ್ಲಿ ಏನಿದೆ ಎಂದು ಟಿಪ್ಪಣಿ ಬರೆದುಕೊಂಡರು. ಸಿನಿಮಾ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ 'ಪಥೇರ್ ಪಾಂಚಾಲಿ'ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುತ್ತಿದ್ದುದು ಅವರ ಶಿಷ್ಯರ ಮಾತುಗಳಲ್ಲಿ ಇಂದಿಗೂ ಬರುತ್ತದೆ. ಇವತ್ತು ಸಂಜೆ ಯಾವ ಸಿನಿಮಾ ಎಂದು ವಿದ್ಯಾರ್ಥಿಯನ್ನು ಯಾರೂ ಕೇಳುತ್ತಿರಲಿಲ್ಲ. ಸೋಮವಾರ ಜಪಾನಿನದು, ಮಂಗಳವಾರ ಬಂಗಾಳದ ಘಟಕ್ ಅವರದು, ಬುಧವಾರ ಯಾವುದೋ ಹಳೆಯ ಹಿಂದಿ ಸ್ಟಂಟ್ ಚಿತ್ರ. ಮೂರನ್ನೂ ಒಂದೇ ವಾರದಲ್ಲಿ ಪಕ್ಕಪಕ್ಕದಲ್ಲಿಟ್ಟವರು ಬೇರೆ ಯಾರೋ. ಆ ಪಕ್ಕಪಕ್ಕದಿಂದ ಹುಟ್ಟುವ ಕಿಡಿ ನೋಡುವವನದು. ವಿದ್ಯಾರ್ಥಿಗಳ ಜಗಳ ಆಮೇಲೆ ಆವರಣದ ಮಾವಿನ ಮರದ ಕೆಳಗೆ. ಫರ್ಗ್ಯೂಸನ್ ಕಾಲೇಜು ರಸ್ತೆಯ ನಮ್ಮ ಉಡುಪಿ ಕಡೆಯವರ ವೈಶಾಲಿ, ರೂಪಾಲಿ ಹೋಟೆಲುಗಳ ಕಾಫಿಗೂ ಪುಣೆಯ ಇಂಥ ಜಗಳಗಳಲ್ಲಿ ಪಾಲು ಇಲ್ಲದೆ ಇದ್ದೀತೆ?

ಈ ವ್ಯವಸ್ಥೆಯ ಫಲ ಕನ್ನಡಕ್ಕೆ ಬಂದ ಬಗೆಯನ್ನು ನೋಡಿ. 1974-75ರಲ್ಲಿ ಎಫ್‌ಟಿಐಐ ನಿರ್ದೇಶಕರಾಗಿದ್ದವರು ಗಿರೀಶ್ ಕಾರ್ನಾಡ್. ಆ ಹೊತ್ತಿನಲ್ಲೇ ಓದು ಮುಗಿಸಿ ಹೊರಬಂದ ಕಾಸರವಳ್ಳಿ ಎರಡೇ ವರ್ಷದಲ್ಲಿ ತಮ್ಮ ಮೊದಲ ಪೂರ್ಣ ಚಿತ್ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ತಂದರು. ಅರ್ಧ ಶತಮಾನ ಕಳೆದು ಅದೇ ಸಂಸ್ಥೆಯ ಟೆಲಿವಿಷನ್ ವಿಭಾಗದಲ್ಲಿ ಓದಿದ ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್, ಕೋಳಿ ಕದ್ದೊಯ್ದ ಅಜ್ಜಿಯಿಂದಾಗಿ ಊರಿಗೆ ಬೆಳಗೇ ಆಗದ ನಮ್ಮ ಜಾನಪದ ಕಥೆಯನ್ನು ಹದಿನಾರು ನಿಮಿಷದ ಕನ್ನಡ ಕಿರುಚಿತ್ರ ಮಾಡಿ, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಗೆದ್ದರು. ಅದೇ ಉತ್ಸವದಲ್ಲಿ ಗ್ರಾಂಡ್ ಪ್ರಿ ಗೆದ್ದ ಪಾಯಲ್ ಕಪಾಡಿಯಾ ಕೂಡ ಅಲ್ಲಿಯವರೇ. ಆ ವರ್ಷವೇ 'ಘಟಶ್ರಾದ್ಧ'ದ ಹೊಸದಾಗಿ ಜೀರ್ಣೋದ್ಧಾರಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದಕ್ಕೆ ಆಧಾರವಾದ ಮೂಲ ನೆಗೆಟಿವ್ ಉಳಿದಿದ್ದುದು ಪುಣೆಯ ಸಂಗ್ರಹಾಲಯದಲ್ಲಿ. ಜೀರ್ಣೋದ್ಧಾರಕ್ಕೆ ಕೈಜೋಡಿಸಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನ ಸ್ಥಾಪಕ ಶಿವೇಂದ್ರ ಸಿಂಗ್ ಡುಂಗರಪುರ್ ಎಫ್‌ಟಿಐಐ ವಿದ್ಯಾರ್ಥಿ, ನಾಯರ್ ಅವರ ಕುರಿತ 'ಸೆಲ್ಯುಲಾಯ್ಡ್ ಮ್ಯಾನ್' (2012) ಸಾಕ್ಷ್ಯಚಿತ್ರ ಮಾಡಿದವರು. ಒಬ್ಬ ವಿದ್ಯಾರ್ಥಿ ನೋಡಿದ್ದು, ಮಾಡಿದ್ದು, ಅದನ್ನು ಒಬ್ಬರು ಕಾಪಿಟ್ಟದ್ದು, ಇನ್ನೊಬ್ಬರು ತೊಳೆದು ಮತ್ತೆ ತೆರೆಗೆ ತಂದದ್ದು ಎಲ್ಲವೂ ಒಂದೇ ಬೀದಿಗೆ ಬಂದು ಸೇರುತ್ತದೆ.

ಇಲ್ಲಿ ಸಹಜವಾಗಿ ಒಂದು ಆಕ್ಷೇಪ ಏಳುತ್ತದೆ. ಇವರೆಲ್ಲ ಸಿನಿಮಾ ಮಾಡಲೆಂದೇ ಹೋದವರು, ಅವರಿಗೆ ಹೇಳಿಕೊಟ್ಟ ಕ್ರಮ ದುಡಿದು ದಣಿದು ಬಂದವನಿಗೆ ಯಾಕೆ? ಇದಕ್ಕೆ ಉತ್ತರ ಪುಣೆಯಲ್ಲಿಲ್ಲ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿದೆ. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಿಂದ ನೀನಾಸಂ ಎಂಬ ರಂಗಸಂಸ್ಥೆ ನಡೆಸಿಕೊಂಡು ಬಂದಿದ್ದರು. ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜ ಕಟ್ಟಿ ಸಿನಿಮಾ ತೋರಿಸಲು ಶುರುಮಾಡಿದರು. ಪುಣೆಯ ಸಂಗ್ರಹಾಲಯದಿಂದ 16 ಎಂಎಂ ಪ್ರತಿಗಳು ಬಂದವು, ಜೊತೆಗೆ ಸತೀಶ್ ಬಹಾದ್ದೂರ್, ನಾಯರ್ ಕೂಡ ಬಂದರು. ಅಲ್ಲಿಯವರು ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೊಮನ್', ಬಂಗಾಳದ 'ಪಥೇರ್ ಪಾಂಚಾಲಿ' ನೋಡಿದರು. ಟೀಸರ್ ಇರಲಿಲ್ಲ, ಹೆಸರು ಕೇಳಿದ ನಟರಿರಲಿಲ್ಲ, ಭಾಷೆ ಗೊತ್ತಿರಲಿಲ್ಲ. 'ಸೆಲ್ಯುಲಾಯ್ಡ್ ಮ್ಯಾನ್' ಚಿತ್ರದಲ್ಲಿ ಹೆಗ್ಗೋಡಿನವರು ಮೂರು ದಶಕದ ಮೇಲೂ ಆ ಸಿನಿಮಾಗಳನ್ನು ನೆನಪಿನಿಂದ ಹೇಳುವುದನ್ನು ಕಾಣಬಹುದು. ಇದೇನೂ ಪವಾಡವಲ್ಲ. ಸೈಕಲ್ ಕಳೆದುಕೊಂಡರೆ ಕೂಲಿ ಹೋಗುತ್ತದೆ ಎಂಬುದು ಕೂಲಿಯವನಿಗೆ ವಿಮರ್ಶಕನಿಗಿಂತ ಚೆನ್ನಾಗಿ ಗೊತ್ತು. ಅವನ ಮುಂದೆ ಆ ಸಿನಿಮಾ ಇಡುವವರು ಬೇಕಿತ್ತು. ಅದನ್ನು ಟ್ರೇಲರ್ ಮಾಡಲಾರದು, ಏಕೆಂದರೆ ಟ್ರೇಲರ್ ಕಟ್ಟುವವನು ಮೊದಲೇ ಊಹಿಸಿಕೊಳ್ಳುವುದು ಹೆಗ್ಗೋಡಿನವರಿಗೆ ಇಟಲಿಯ ಸಿನಿಮಾ ಬೇಡ ಎಂದು.

ಎರಡನೆಯ ಆಕ್ಷೇಪ ದುಡ್ಡಿನದು, ಇದು ಹೆಚ್ಚು ಪ್ರಾಮಾಣಿಕವಾದದ್ದು. ನಾಲ್ವರ ಕುಟುಂಬ ಶನಿವಾರ ಮಲ್ಟಿಪ್ಲೆಕ್ಸಿಗೆ ಹೋಗಿಬಂದರೆ ಟಿಕೆಟ್, ಪಾಪ್‌ಕಾರ್ನ್, ಆಟೋ ಎಲ್ಲ ಸೇರಿ ಒಂದು ವಾರದ ತರಕಾರಿ ದುಡ್ಡು ಹಾರಿಹೋಗುತ್ತದೆ. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಲು ಹೊರಟದ್ದು, ಹೈಕೋರ್ಟು ಅದಕ್ಕೆ ತಡೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಇಷ್ಟು ತೆರುವವರು ಮೊದಲು ಸ್ವಲ್ಪ ನೋಡಿ ಹೋಗುತ್ತೇವೆ ಎಂದರೆ ತಪ್ಪೇ? ತಪ್ಪಲ್ಲ. ಆದರೆ ಸೀರೆ ಕೊಳ್ಳುವ ಮುಂಚೆ ಮಡಿಕೆ ಬಿಚ್ಚಿ ನೋಡಿದ ಹಾಗೆ ಇದೂ ಎಂದುಕೊಂಡರೆ ಮೋಸಹೋದಂತೆ. ಅಂಗಡಿಯವನು ಇಲ್ಲಿ ತೋರಿಸುತ್ತಿರುವುದು ಸೆರಗಷ್ಟೇ, ಒಡಲಿನ ನೇಯ್ಗೆ ಹೇಗಿದೆಯೆಂದು ತಿಳಿಯುವುದು ಉಟ್ಟ ಮೇಲೆ. ದುಡ್ಡು ಉಳಿಸುವುದೇ ಉದ್ದೇಶವಾದರೆ ಮೊದಲ ದಿನದ ಆಟ ಬಿಟ್ಟು, ತನ್ನ ರುಚಿಯನ್ನೂ ತನ್ನ ಜಗಳಗಳನ್ನೂ ಬಲ್ಲ ಒಬ್ಬ ಗೆಳೆಯ ನೋಡಿಬರುವವರೆಗೆ ಕಾಯುವುದು ಹೆಚ್ಚು ಲಾಭದ ಕೆಲಸ. ತಮಾಷೆಯೆಂದರೆ ಟ್ರೇಲರಿನ ಇಡೀ ಯಂತ್ರ ಕೆಲಸ ಮಾಡುವುದು ಹಾಗೆ ಕಾಯದಂತೆ ನೋಡಿಕೊಳ್ಳಲು. ಮೊದಲ ಮೂರು ದಿನದ ಗಳಿಕೆಯಲ್ಲೇ ಲೆಕ್ಕ ಮುಗಿಸಬೇಕಾದ ವ್ಯಾಪಾರಕ್ಕೆ, ಯಾರಾದರೂ ಪೂರ್ತಿ ನೋಡಿ ಮಾತಾಡುವ ಮುಂಚೆಯೇ ಟಿಕೆಟ್ ಕೊಳ್ಳುವ ಪ್ರೇಕ್ಷಕ ಬೇಕು. ನಮ್ಮ ಜೇಬಿನ ಕಾವಲಿಗೆ ಇಟ್ಟುಕೊಂಡ ಸಾಧನವೇ ಜೇಬಿಗೆ ಕೈಹಾಕುತ್ತದೆ.

ಮೂರನೆಯದು ಇನ್ನೂ ಗಂಭೀರ. ಬೇರೊಬ್ಬರು ಆರಿಸಲಿ ಎನ್ನುತ್ತೀರಿ, ಆ ಬೇರೊಬ್ಬರನ್ನು ನೇಮಿಸಿದವರು ಯಾರು? ಸರ್ಕಾರಿ ಸಂಸ್ಥೆ, ಫಿಲ್ಮ್ ಸೊಸೈಟಿ, ಉತ್ಸವದ ಸಮಿತಿ ಇವೆಲ್ಲ ಓದಿದ, ಮೇಲ್ಜಾತಿಯ, ನಗರದ ಒಂದು ಗುಂಪಿನ ರುಚಿಯನ್ನೇ ಒಳ್ಳೆಯ ಸಿನಿಮಾ ಎಂದು ದಶಕಗಟ್ಟಲೆ ಹೇರಲಿಲ್ಲವೇ? ಹೇರಿದ್ದುಂಟು. ರಾಜ್‌ಕುಮಾರ್ ಚಿತ್ರಗಳನ್ನು ಮೂಗು ಮುರಿದು ನೋಡಿದ ಒಂದು ತಲೆಮಾರಿನ ಫಿಲ್ಮ್ ಸೊಸೈಟಿಗಳು ತಾವೇನು ಕಳೆದುಕೊಂಡೆವೆಂದು ಆಮೇಲೆ ಕಂಡುಕೊಳ್ಳಬೇಕಾಯಿತು. ಈ ಆಕ್ಷೇಪಕ್ಕೆ ನಾಯರ್ ಅವರ ಬದುಕಿನಲ್ಲಿ ಒಂದು ಅರೆ ಉತ್ತರವಿದೆ. ಕಾಪಿಡುವ ಹೊತ್ತಿಗೆ ಆರಿಸಬಾರದು, ಪ್ರಶಸ್ತಿ ಬಂದದ್ದೂ ಬಾರದ್ದೂ ಎರಡೂ ಉಳಿಯಬೇಕು ಎಂಬುದು ಅವರ ಹಟ. ಹಾಗಾಗಿಯೇ ಅವರ ಕಾಲದಲ್ಲಿ ಸಂಗ್ರಹ ಹನ್ನೆರಡು ಸಾವಿರ ಚಿತ್ರಗಳವರೆಗೆ ಬೆಳೆಯಿತು. ಫಾಲ್ಕೆಯ 'ರಾಜಾ ಹರಿಶ್ಚಂದ್ರ'ದ ರೀಲುಗಳಿಗಾಗಿ ಅಲೆದ ಮನುಷ್ಯ ಸ್ಟಂಟ್ ಚಿತ್ರಗಳನ್ನೂ ಬಿಡಲಿಲ್ಲ. ಆರಿಸಿ ಉಳಿಸುವುದರ ಬೆಲೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಪ್ರಭಾತ್ ಆಗತಾನೇ ಬಿಟ್ಟುಬಂದಿದ್ದ ಕೊಲ್ಹಾಪುರದಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. 2003ರ ಜನವರಿಯಲ್ಲಿ ಎಫ್‌ಟಿಐಐ ಆವರಣದ ಕೋಣೆಗೆ ಬೆಂಕಿ ಬಿದ್ದಾಗ ಪ್ರಭಾತ್ ಕಾಲದ ನೈಟ್ರೇಟ್ ರೀಲುಗಳೂ ಸುಟ್ಟುಹೋದವು. ಕಾಪಿಡುವಾಗ ಎಲ್ಲವೂ ಬೇಕು, ತೋರಿಸುವಾಗ ಮಾತ್ರ ಆಯ್ಕೆ. ಆ ಆಯ್ಕೆಯೂ ಹೆಸರು ಹೇಳಿಕೊಂಡು ಮಾಡಿದ್ದಾಗಿರಬೇಕು, ಏಕೆಂದರೆ ಹೆಸರಿರುವವನ ಜೊತೆ ಜಗಳ ಆಡಬಹುದು. ನಾಯರ್ ಜೊತೆ, ಬಹಾದ್ದೂರ್ ಜೊತೆ, ಸುಬ್ಬಣ್ಣನವರ ಜೊತೆ ಜನ ಜಗಳ ಆಡಿದರು. ಫೋನಿನಲ್ಲಿ 'ನಿಮಗಾಗಿ' ಎಂದು ಸಾಲುಗಟ್ಟಿ ನಿಲ್ಲುವ ಟ್ರೇಲರುಗಳನ್ನು ಆರಿಸಿದ ಲೆಕ್ಕಾಚಾರದ ಜೊತೆ ಜಗಳ ಆಡುವುದು ಹೇಗೆ? ಅದು ಆರಿಸಿಲ್ಲ ಎಂದಲ್ಲ, ಆರಿಸಿದ್ದನ್ನು ನಮ್ಮ ತಲೆಗೇ ಕಟ್ಟಿಬಿಡುತ್ತದೆ.

ಸಣ್ಣ ಸಿನಿಮಾಗಳವರು ಇಲ್ಲಿ ಅಡ್ಡ ಬರಬಹುದು, ಬರಲೂ ಬೇಕು. ಗೋಡೆಗೆ ಪೋಸ್ಟರ್ ಹಚ್ಚಲೂ ದುಡ್ಡಿಲ್ಲದ ಹೊಸ ನಿರ್ದೇಶಕನಿಗೆ ಪುಣೆಯಲ್ಲೋ ದುಬೈಯಲ್ಲೋ ಇರುವ ಕನ್ನಡಿಗನನ್ನು ತಲುಪಲು ಇರುವ ಪುಕ್ಕಟೆ ದಾರಿ ಯೂಟ್ಯೂಬಿನ ಟ್ರೇಲರ್ ಒಂದೇ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ದುರ್ದೈವವೆಂದರೆ ಆ ಸಣ್ಣ ಸಿನಿಮಾ ಕೂಡ ದೊಡ್ಡದರ ಬಿಲ್ಡಪ್ಪನ್ನೇ ನಕಲು ಮಾಡುತ್ತದೆ: ಅದೇ ಗುಡುಗು, ಅದೇ ನಿಧಾನಗತಿಯ ನಡಿಗೆ, ಅದೇ ಒಂದು ಸಾಲಿನ ಡೈಲಾಗು. ಮೆಲುದನಿಯ ಸಿನಿಮಾ ಕೂಗಿ ಕರೆದರೆ ಕೂಗನ್ನು ನಂಬಿ ಬಂದವನು ಬೈದುಕೊಂಡು ಹೋಗುತ್ತಾನೆ, ಮೆಲುದನಿ ಬೇಕಾಗಿದ್ದವನು ಬರುವುದೇ ಇಲ್ಲ. ಬೇರೆ ದಾರಿ ಇದೆಯೆಂದು 1960ರಲ್ಲೇ ಹಿಚ್‌ಕಾಕ್ ತೋರಿಸಿದ್ದರು. 'ಸೈಕೋ' ಚಿತ್ರದ ಆರು ನಿಮಿಷ ಮೀರಿದ ಟ್ರೇಲರಿನಲ್ಲಿ ಸಿನಿಮಾದ ದೃಶ್ಯಗಳೇ ಇಲ್ಲ. ನಿರ್ದೇಶಕನೇ ಖಾಲಿ ಸೆಟ್ಟಿನಲ್ಲಿ ಓಡಾಡುತ್ತ, ಇಲ್ಲಿ ಏನೋ ಆಗಿತ್ತು ಎಂದು ಅರ್ಧ ಹೇಳಿ ಅರ್ಧ ನುಂಗುತ್ತ, ಬಾಗಿಲು ತೆರೆದು ಮುಚ್ಚುತ್ತಾನೆ. ನೋಡಿದವನಿಗೆ ಸಿನಿಮಾದ ಒಂದು ಚಿತ್ರಿಕೆಯೂ ಖರ್ಚಾಗುವುದಿಲ್ಲ, ಅದರ ಕುಚೋದ್ಯದ ದನಿ ಮಾತ್ರ ಕಿವಿಯಲ್ಲಿ ಉಳಿಯುತ್ತದೆ. ಇಂಥದ್ದಕ್ಕೆ ಖರ್ಚೂ ಕಡಿಮೆ, ನಮ್ಮವರು ಯಾಕೆ ಪ್ರಯತ್ನಿಸುವುದಿಲ್ಲವೋ ತಿಳಿಯದು.

ಪುಣೆಯ ಕನ್ನಡಿಗರು ಒಂದು ವಾರವನ್ನು ಬೇರೆ ರೀತಿ ಕಟ್ಟಿಕೊಳ್ಳುವುದಾದರೆ ಸಾಮಗ್ರಿಗೆ ಕೊರತೆಯಿಲ್ಲ. ಕನ್ನಡ ಸಂಘ ಇದೆ, ಜನವರಿಯಲ್ಲಿ ಪುಣೆ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ, ಸಂಗ್ರಹಾಲಯ ಇದೆ, ಪರದೆ ಇರುವ ಮನೆಗಳಂತೂ ಬೇಕಾದಷ್ಟು. ಮೊದಲ ಸಂಜೆಗೆ ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ ಪ್ರಭಾತ್‌ನ 'ಸಂತ ತುಕಾರಾಂ' (1936) ಹಾಕಿ. ಅದರ ಪವಾಡಗಳಿಗಿಂತ ತುಕಾರಾಮನ ಹೆಂಡತಿ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತಾಳೆ. ಮನೆಯಲ್ಲಿ ಕಾಳಿಲ್ಲದಾಗ ದೇವರನ್ನೂ ಬಿಡದೆ ಜಾಡಿಸುವ ಆ ಪಾತ್ರ ಮಾಡಿದ ಗೌರಿ ಸ್ಟುಡಿಯೋದಲ್ಲಿ ಸಣ್ಣ ಕೆಲಸಕ್ಕಿದ್ದು ನಟಿಯಾದವಳು. ಮರುದಿನ 1963ರ ಕನ್ನಡ 'ಸಂತ ತುಕಾರಾಂ'; ರಾಜ್‌ಕುಮಾರ್ ಅವರ ತುಕಾರಾಮನನ್ನು ವಿಷ್ಣುಪಂತ ಪಾಗನೀಸರ ತುಕಾರಾಮನ ಪಕ್ಕದಲ್ಲಿ ನಿಲ್ಲಿಸಿದರೆ ಭಕ್ತಿ ಎಂಬುದನ್ನು ಮೈ ಹೇಗೆ ಹೊರುತ್ತದೆ ಎಂಬ ವಿಷಯದಲ್ಲಿ ಎರಡು ಊರುಗಳ ಎರಡು ಅಭಿಪ್ರಾಯ ಸಿಗುತ್ತದೆ. ಮೂರನೆಯ ದಿನ 'ಘಟಶ್ರಾದ್ಧ'. ತುಕಾರಾಮನ ಹೆಂಡತಿಯ ಬಾಯಿ ಕೇಳಿಬಂದವರಿಗೆ ಯಮುನೆಯ ಮೌನದ ತೂಕ ಹೆಚ್ಚಾಗಿ ತಟ್ಟುತ್ತದೆ. ಆಮೇಲೆ ರಾಮ್ ರೆಡ್ಡಿ ಅವರ 'ತಿಥಿ'. ಮಂಡ್ಯದ ಕಡೆಯ ಹಳ್ಳಿಯವರೇ ನಟಿಸಿದ ಅದರ ಗಡ್ಡಪ್ಪನಿಗೂ ಪ್ರಭಾತ್ ಸ್ಟುಡಿಯೋದ ಗೌರಿಗೂ ಎಂಟು ದಶಕದ ಅಂತರದಲ್ಲಿ ಇರುವ ನೆಂಟಸ್ತನ ಯಾವ ವಿಮರ್ಶಕನೂ ಹೇಳಿಕೊಡದೆ ಕಾಣುತ್ತದೆ. ಸಾವಿನ ಊಟದ ಸುತ್ತ ಹುಟ್ಟುವ ಆ ನಗುವಿಗೆ 'ಘಟಶ್ರಾದ್ಧ' ನೋಡಿದ ಮಾರನೆಯ ದಿನ ಬೇರೆಯೇ ಕಹಿ ಇರುತ್ತದೆ. ಶುಕ್ರವಾರ ಅವತ್ತು ಬಿಡುಗಡೆಯಾದ ಕನ್ನಡ ಸಿನಿಮಾ, ಯಾವುದಾದರೂ ಸರಿ, ಟ್ರೇಲರ್ ನೋಡದೆ. ಟ್ರೇಲರುಗಳ ಸರದಿ ಭಾನುವಾರಕ್ಕೆ: ವಾರದಲ್ಲಿ ನೋಡಿ ಮುಗಿಸಿದ ಸಿನಿಮಾಗಳಲ್ಲಿ ಯಾವುದಕ್ಕೆ ಟ್ರೇಲರ್ ಇದೆಯೋ ಅದನ್ನು ಆಗ ಹಾಕಿ ನೋಡಬೇಕು. ನಿರ್ಮಾಪಕ ಯಾವ ದೃಶ್ಯವನ್ನು ನಂಬಿದ್ದ, ಯಾವುದಕ್ಕೆ ಹೆದರಿ ಮುಚ್ಚಿಟ್ಟ, ಯಾವ ಮುದುಕಿಯ ಮುಖವನ್ನು ಬಿಟ್ಟು ಯಾವ ಕಾರನ್ನು ಒಳಗೆ ಸೇರಿಸಿದ ಎಂಬುದನ್ನು ಆಗ ಎರಡೂವರೆ ನಿಮಿಷದಲ್ಲಿ ಓದಿಕೊಳ್ಳಬಹುದು. ಪಟ್ಟಿ ಇದೇ ಆಗಬೇಕೆಂದಿಲ್ಲ. 'ತಿಥಿ'ಯ ಜಾಗದಲ್ಲಿ 'ಬಂಗಾರದ ಮನುಷ್ಯ' ಇರಬೇಕಿತ್ತು ಎನ್ನುವವರು ಮುಂದಿನ ವಾರದ ಪಟ್ಟಿಯನ್ನು ತಮ್ಮ ಹೆಸರು ಹಾಕಿ ಬರೆದುಕೊಂಡು ಬರಲಿ, ಉಳಿದವರು ಕೂತು ನೋಡುತ್ತಾರೆ.